ಅಪೂರ್ವ ಪೂರ್ಣಿಮೆ: ಮೂಡಿಗೆರೆ ಸೀಮೆಯ ಬೆಟ್ಟಗಳಿಂದ ಪೂರ್ಣಚಂದ್ರನನ್ನು ನೋಡುವ ಕ್ರಮ

ವರ್ಷಕ್ಕೆ ಹನ್ನೆರಡು ಬಾರಿ, ಕೆಲವು ವರ್ಷಗಳಲ್ಲಿ ಹದಿಮೂರು ಬಾರಿ, ತಪ್ಪದೆ ಬರುವ ಪೂರ್ಣಿಮೆಯನ್ನು ‘ಅಪೂರ್ವ’ವೆಂದು ಕರೆಯುವುದು ಮೇಲುನೋಟಕ್ಕೆ ವಿರೋಧವುಳ್ಳ ಮಾತಾಗಿ ತೋರುವುದು. ಆದರೂ ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳು ಒಂದಲ್ಲ ಒಂದು ಹುಣ್ಣಿಮೆಗೆ ನೀಲಚಂದ್ರ, ಮಹಾಚಂದ್ರ, ರಕ್ತಚಂದ್ರ ಎಂಬ ಹೆಸರುಗಳನ್ನಿಟ್ಟು ಪ್ರಕಟಿಸುತ್ತಿರುವುವು. ಅದನ್ನು ನೋಡಬೇಕೆಂದು ಜನರು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಗಳನ್ನು ಹತ್ತಿ, ಚಂದ್ರನಿಗೆ ಬದಲು ಮಂಜನ್ನು ನೋಡಿ ಹಿಂದಿರುಗುವುದೂ ಉಂಟು. ಇದಕ್ಕೆ ಕಾರಣವು ಬೆಟ್ಟದ ದೋಷವಲ್ಲ. ಎಣಿಕೆಯಿಂದ ಅಪೂರ್ವವಾದ ಪೂರ್ಣಿಮೆ ಬೇರೆ, ಕಣ್ಣಿಗೆ ಅಪೂರ್ವವಾದ ಪೂರ್ಣಿಮೆ ಬೇರೆ ಎಂಬ ವಿವೇಕವಿಲ್ಲದಿರುವುದೇ ಕಾರಣ. ಈ ವಿವೇಕವು ಬೆಟ್ಟವನ್ನು ಹತ್ತುವವರಿಗೆ ಮಾತ್ರವಲ್ಲದೆ, ಶಾಸನಗಳ ಕಾಲನಿರ್ಣಯ ಮಾಡುವವರಿಗೂ ಕಾವ್ಯಗಳ ಚಂದ್ರೋದಯವರ್ಣನೆಯನ್ನು ಪಾಠ ಹೇಳುವವರಿಗೂ ಅವಶ್ಯಕವಾದುದು.

ಮೊದಲು ಶಬ್ದವಿಚಾರ. ‘ಹುಣ್ಣಿಮೆ’ಯು ಸಂಸ್ಕೃತದ ‘ಪೂರ್ಣಿಮಾ’ ಶಬ್ದದ ತದ್ಭವ. ಪ್ರಾಕೃತದ ‘ಪುಣ್ಣಿಮಾ’ ರೂಪದ ಮೂಲಕ ಕನ್ನಡಕ್ಕೆ ಬಂದು, ಹಳಗನ್ನಡದಲ್ಲಿ ಪಕಾರಾದಿಯಾಗಿದ್ದು, ಪಕಾರವು ಹಕಾರವಾದ ಬಳಿಕ ಈಗಿನ ರೂಪವನ್ನು ತಾಳಿತು. ಅಚ್ಚಗನ್ನಡದ ‘ತಿಂಗಳ್’ ಎಂಬುದಾದರೋ ಚಂದ್ರನಿಗೂ ಮಾಸಕ್ಕೂ ಒಂದೇ ಹೆಸರು. ಅದು ‘ಬೆಳ್’ ಎಂಬುದರೊಡನೆ ಸೇರಿ ಆದೇಶಸಂಧಿಯಿಂದ ‘ಬೆಳ್ದಿಂಗಳ್’ ಆಯಿತು. ಪಾಣಿನಿಯೂ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಪೂರ್ಣಿಮೆಯು ಯಾವ ನಕ್ಷತ್ರದೊಡನೆ ಕೂಡುವುದೋ ಅದರಿಂದ ಮಾಸದ ಹೆಸರನ್ನು ಸಾಧಿಸುವ ವಿಧಿಯನ್ನು ಹೇಳಿರುವನು. ಹೀಗೆ ಎರಡು ಭಾಷೆಗಳಲ್ಲಿಯೂ ಕಾಲಗಣನೆಯ ಮೂಲವು ಕಣ್ಣಿನಿಂದ ನೋಡಿದ ಚಂದ್ರನೇ ಹೊರತು ಬರೆದಿಟ್ಟ ಲೆಕ್ಕವಲ್ಲ.

ಪೂರ್ಣಿಮೆಯೆಂಬುದು ಒಂದು ರಾತ್ರಿಯ ಹೆಸರೆಂದು ಸಾಮಾನ್ಯರ ಭಾವನೆ. ಶಾಸ್ತ್ರದೃಷ್ಟಿಯಿಂದ ಅದು ತಿಥಿ. ಸೂರ್ಯಚಂದ್ರರ ಅಂತರವು ನೂರೆಂಬತ್ತು ಅಂಶವಾದ ಕ್ಷಣವೇ ಆ ತಿಥಿಯ ಅಂತ್ಯ. ಚಂದ್ರನು ನಿಜವಾಗಿ ಪೂರ್ಣನಾಗುವುದು ಆ ಒಂದು ಕ್ಷಣದಲ್ಲಿ ಮಾತ್ರ, ಮತ್ತು ಆ ಕ್ಷಣವು ಹಗಲಿನಲ್ಲಿಯೂ ಬೀಳಬಹುದು. ಅಮರಸಿಂಹನು ಚಂದ್ರನಿಗೆ ಒಂದು ಕಲೆ ಕಡಮೆಯಾಗಿರುವ ಪೂರ್ಣಿಮೆಯನ್ನು ‘ಅನುಮತಿ’ಯೆಂದೂ ತುಂಬಿದ ಚಂದ್ರನುಳ್ಳುದನ್ನು ‘ರಾಕಾ’ ಎಂದೂ ವಿಂಗಡಿಸಿರುವುದು ಈ ಸೂಕ್ಷ್ಮಕ್ಕಾಗಿಯೇ. ಅಮರಕೋಶವನ್ನು ಬಾಯಿಪಾಠ ಮಾಡಿದವರೂ ಈ ಎರಡು ಶಬ್ದಗಳನ್ನು ಬರಿಯ ಪರ್ಯಾಯಗಳೆಂದು ಹೇಳಿಬಿಡುವುದುಂಟು, ಅದು ಸರಿಯಲ್ಲ.

ನೋಡುವವನಿಗೆ ಇದರಿಂದ ಬರುವ ಪ್ರಯೋಜನವು ದೊಡ್ಡದು. ಪಂಚಾಂಗದಲ್ಲಿ ಪೂರ್ಣಿಮೆಗೆದುರಾಗಿ ಕೊಟ್ಟಿರುವ ಘಳಿಗೆಯು ಸೂರ್ಯೋದಯದಿಂದ ಎಣಿಸಿದ ತಿಥ್ಯಂತ್ಯ. ಅದು ಮೂವತ್ತರ ಸುಮಾರಿನಲ್ಲಿದ್ದರೆ ಸೂರ್ಯಾಸ್ತಮಯಕ್ಕೂ ಪೂರ್ಣತೆಗೂ ಹೊಂದಿಕೆಯಾಗಿ, ಪಶ್ಚಿಮದಲ್ಲಿ ಸೂರ್ಯನು ಮುಳುಗುತ್ತಿರುವಾಗಲೇ ಪೂರ್ವದಲ್ಲಿ ಚಂದ್ರನು ಮೂಡುವನು. ಮೂವತ್ತಕ್ಕಿಂತ ಕಡಮೆಯಿದ್ದರೆ, ಕಡಮೆಯಾದ ಪ್ರತಿಯೊಂದು ಘಳಿಗೆಗೂ ಸುಮಾರು ಎರಡು ವಿಘಳಿಗೆಯಂತೆ ಚಂದ್ರೋದಯವು ಅಸ್ತಮಯಕ್ಕೆ ಹಿಂದೆ ಬೀಳುವುದು. ಹೆಚ್ಚಿದ್ದರೆ ಅಷ್ಟೇ ಪ್ರಮಾಣದಲ್ಲಿ ಮುಂದಾಗುವುದು. ಚಂದ್ರನು ದಿನಕ್ಕೆ ಎರಡು ಘಳಿಗೆಯಷ್ಟು ತಡವಾಗಿ ಉದಯಿಸುವನೆಂಬ ಸ್ಥೂಲನಿಯಮದಿಂದಲೇ ಇದು ಸಿದ್ಧಿಸುವುದು. ಘಳಿಗೆಯು ಐದೋ ಆರೋ ಆಗಿದ್ದರೆ, ಚತುರ್ದಶಿಯೆಂದು ಅಚ್ಚಾಗಿರುವ ಹಿಂದಿನ ದಿನದ ಸಂಜೆಯ ಚಂದ್ರನೂ ಹೆಚ್ಚುಕಡಮೆ ಅಷ್ಟೇ ಪೂರ್ಣನಾಗಿದ್ದು, ಹಗಲಿನ ಬೆಳಕು ಇನ್ನೂ ಉಳಿದಿರುವಾಗಲೇ ಮೂಡುವನು. ಬೆಟ್ಟದ ಸಾಲು, ತೋಟ, ಕೆರೆ ಇವುಗಳ ಮೇಲೆ ಚಂದ್ರನು ಏಳುವುದನ್ನು ನೋಡಬೇಕೆನ್ನುವವರಿಗೆ ಹೆಸರಿನ ಹುಣ್ಣಿಮೆಗಿಂತ ಆ ಚತುರ್ದಶಿಯೇ ಮೇಲು.

ಇನ್ನು ‘ನೀಲಚಂದ್ರ’ನ ವಿಷಯ. ಇಂಗ್ಲಿಷ್ ತಿಂಗಳೊಂದರಲ್ಲಿ ಎರಡು ಪೂರ್ಣಿಮೆಗಳು ಬಿದ್ದರೆ ಎರಡನೆಯದಕ್ಕೆ ಈ ಹೆಸರು. ಇದು ಪ್ರಾಚೀನ ಸಂಪ್ರದಾಯವೂ ಅಲ್ಲ: ಅಮೆರಿಕದ ಮೇಯ್ನ್ ಪ್ರಾಂತದ ರೈತರ ಪಂಚಾಂಗವೊಂದರಲ್ಲಿ, ಒಂದು ಋತುವಿನಲ್ಲಿ ನಾಲ್ಕು ಪೂರ್ಣಿಮೆಗಳಿದ್ದಾಗ ಮೂರನೆಯದಕ್ಕೆ ಇದ್ದ ಹೆಸರನ್ನು, 1946ರ ಮಾರ್ಚ್ ತಿಂಗಳ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯ ಲೇಖಕರೊಬ್ಬರು ತಪ್ಪಾಗಿ ಅರ್ಥಮಾಡಿದುದರಿಂದ ಈಗಿನ ಲಕ್ಷಣವು ಹುಟ್ಟಿತು. ಚಂದ್ರನು ಆ ರಾತ್ರಿ ನೀಲವರ್ಣನಾಗಿರುವುದಿಲ್ಲ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿಯು ಸಿಡಿದ ಬಳಿಕ, 1950ರ ಸೆಪ್ಟೆಂಬರಿನಲ್ಲಿ ಕೆನಡಾದ ಕಾಡುಗಿಚ್ಚಿನ ಹೊಗೆಯು ಯೂರೋಪಿನವರೆಗೆ ಹಬ್ಬಿದಾಗ, ಹೀಗೆ ಆಕಾಶದಲ್ಲಿ ಒಂದೇ ಗಾತ್ರದ ಸೂಕ್ಷ್ಮಕಣಗಳು ತುಂಬಿದ್ದಾಗ ಮಾತ್ರ ಚಂದ್ರನು ನಿಜವಾಗಿ ನೀಲಿಯಾಗಿ ಕಂಡದ್ದುಂಟು.

ಭಾರತೀಯ ಗಣನೆಯಲ್ಲಿ ಇದಕ್ಕೆ ಸಮವಾದುದು ಅಧಿಕಮಾಸದ ಪೂರ್ಣಿಮೆ. ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕಮಾಸ. ಹತ್ತೊಂಬತ್ತು ವರ್ಷಗಳಲ್ಲಿ ಚಾಂದ್ರಮಾಸಗಳು 235, ಸೌರಮಾಸಗಳು 228. ಆದುದರಿಂದ ಅಧಿಕಮಾಸಗಳು ಏಳು. ನೀಲಚಂದ್ರರೂ ಹತ್ತೊಂಬತ್ತು ವರ್ಷಕ್ಕೆ ಸುಮಾರಾಗಿ ಏಳೇ. ಲೆಕ್ಕವು ಒಂದೇ, ಹೆಸರಿಡುವ ಗೆರೆಗಳು ಮಾತ್ರ ಬೇರೆ. ಗೆರೆಗಳು ಬೇರೆಯಾದುದರಿಂದ ದಿನಗಳು ಕೂಡುವುದು ಕ್ವಚಿತ್ತು. 2018ರ ಜನವರಿಯಲ್ಲಿಯೂ ಮಾರ್ಚಿಯಲ್ಲಿಯೂ ಎರಡೆರಡು ಪೂರ್ಣಿಮೆಗಳು ಬಿದ್ದು ಫೆಬ್ರವರಿಯಲ್ಲಿ ಒಂದೂ ಇಲ್ಲದೆ ಹೋಯಿತು. ಅಧಿಕಮಾಸವಾದರೋ ಆ ವರ್ಷ ಜ್ಯೇಷ್ಠದಲ್ಲಿ ಬಂದಿತು. ಗಮನಾರ್ಹವಾದ ಸಂಗತಿಯೆಂದರೆ, ಅಧಿಕಮಾಸವನ್ನು ಮಲಮಾಸವೆಂದು ಶುಭಕಾರ್ಯಗಳಿಗೆ ವರ್ಜಿಸಿರುವುದರಿಂದ, ಎಣಿಕೆಯಲ್ಲಿ ಅತ್ಯಂತ ವಿರಳವಾದ ಹುಣ್ಣಿಮೆಗೆ ಕನ್ನಡನಾಡಿನಲ್ಲಿ ಒಂದು ಹಬ್ಬವೂ ಇಲ್ಲ. ದವನದ ಹುಣ್ಣಿಮೆ, ಕಾರಹುಣ್ಣಿಮೆ, ನೂಲಹುಣ್ಣಿಮೆ ಎಂಬಂಥ ಒಂದು ಹೆಸರೂ ಇಲ್ಲ.

ಸೂರ್ಯನ ಗತಿಯು ಮಿಥುನದ ಸುಮಾರಿನಲ್ಲಿ ಮಂದವಾಗಿರುವುದರಿಂದ ಅಧಿಕಮಾಸಗಳು ಪ್ರಾಯಿಕವಾಗಿ ಚೈತ್ರದಿಂದ ಆಶ್ವಯುಜದೊಳಗೆ ಬೀಳುವುವು. ಇಲ್ಲಿ ಮಲೆನಾಡಿನ ಪ್ರಸಂಗವು ಬೇರೆಯಾಗುವುದು. ಕಾರಹುಣ್ಣಿಮೆಯಿಂದ ಅನಂತನ ಹುಣ್ಣಿಮೆಯವರೆಗೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸಗಳ ಆಕಾಶವು ಮುಂಗಾರಿನ ವಶ. 2023ರ ಅಧಿಕಶ್ರಾವಣದ ಪೂರ್ಣಿಮೆಯು ಆಗಸ್ಟ್ 1ರಂದು, ಮಳೆಗಾಲದ ನಡುವೆ ಬಿದ್ದಿತು. 2026ರ ಅಧಿಕಜ್ಯೇಷ್ಠದ ಪೂರ್ಣಿಮೆಗೆ ಮೇ 31, ಎಂದರೆ ಮುಂಗಾರಿನ ಹೊಸ್ತಿಲು. 2029ರ ಅಧಿಕಚೈತ್ರದ ಪೂರ್ಣಿಮೆಯು ಮಾರ್ಚಿಯ ಕೊನೆಗೆ ಬೀಳುವುದರಿಂದ ಮಲೆನಾಡಿನವರ ಕಣ್ಣಿಗೆ ದಕ್ಕುವ ಸಂಭವವುಳ್ಳದ್ದು ಅದು.

ಕವಿಗಳು ಶರತ್ಕಾಲದ ಚಂದ್ರನನ್ನು ಕೊಂಡಾಡಿರುವುದನ್ನು ಮೂಡಿಗೆರೆಯ ಶಾಲೆಯಲ್ಲಿ ಓದುವ ಹುಡುಗನು ನಂಬುವುದಾದರೂ ಹೇಗೆ? ಅವನ ಊರಿನಲ್ಲಿ ಸೀಗಿಹುಣ್ಣಿಮೆಯೂ ಎಷ್ಟೋ ವರ್ಷ ಮಳೆಯಲ್ಲಿಯೇ ಕಳೆಯುವುದು. ಶರಚ್ಚಂದ್ರನು ಗಂಗಾತೀರದ ಆಕಾಶವನ್ನು ನೋಡಿ ಹುಟ್ಟಿದ ಕವಿಸಮಯ. ಕನ್ನಡ ಕವಿಗಳು ಅದನ್ನು ಸಂಪ್ರದಾಯವೆಂದು ಅಂಗೀಕರಿಸಿದರು. ಉಪಾಧ್ಯಾಯರು ಇದನ್ನು ಬಿಡಿಸಿ ಹೇಳದಿದ್ದರೆ, ಒಂದೋ ಕಾವ್ಯ ಸುಳ್ಳೆಂದು, ಇಲ್ಲವೇ ತನ್ನ ಕಣ್ಣು ಸುಳ್ಳೆಂದು ವಿದ್ಯಾರ್ಥಿಯು ತಿಳಿಯುವನು. ಮಲೆನಾಡಿನ ಚಂದ್ರನು ಹೇಮಂತಶಿಶಿರಗಳ ಚಂದ್ರ. ಗೌರೀಹುಣ್ಣಿಮೆಗೆ ಈಶಾನ್ಯದ ಮಳೆಯು ಕೆಲವೊಮ್ಮೆ ಅಡ್ಡಬರುವುದು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ಕಾಮನ ಹುಣ್ಣಿಮೆ, ಈ ನಾಲ್ಕೇ ಇಲ್ಲಿ ನೆಚ್ಚಬಹುದಾದುವು.

‘ಮಹಾಚಂದ್ರ’ನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಂದ್ರನು ಭೂಮಿಗೆ ಅತಿ ಸಮೀಪದಲ್ಲಿರುವಾಗ ದೂರವು ಸುಮಾರು 3,56,500 ಕಿಲೋಮೀಟರು, ಅತಿ ದೂರದಲ್ಲಿರುವಾಗ 4,06,700. ಬಿಂಬದ ವ್ಯಾಸದಲ್ಲಿ ಇದರಿಂದಾಗುವ ಭೇದವು ನೂರಕ್ಕೆ ಹದಿನಾಲ್ಕರಷ್ಟು; ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಅವಕಾಶವಿಲ್ಲದುದರಿಂದ ಬರಿಗಣ್ಣು ಇದನ್ನು ಗುರುತಿಸಲಾರದು. ಕ್ಷಿತಿಜದಲ್ಲಿ ಚಂದ್ರನು ತಟ್ಟೆಯಂತೆ ದೊಡ್ಡದಾಗಿ ತೋರುವುದು ಬುದ್ಧಿಯ ಭ್ರಮೆ. ತೋಟದ ಒಂದು ಮೆಣಸಿನ ಕಾಳನ್ನು ಚಾಚಿದ ತೋಳಿನ ತುದಿಯಲ್ಲಿ ಹಿಡಿದರೆ ಅದು ಬಿಂಬವನ್ನು ಹೆಚ್ಚುಕಡಮೆ ಸರಿಯಾಗಿ ಮುಚ್ಚುವುದು. ಚಂದ್ರನು ನೆತ್ತಿಗೆ ಬಂದ ಮೇಲೂ ಅದೇ ಕಾಳು ಅಷ್ಟೇ ಮುಚ್ಚುವುದು. ವಸ್ತುತಃ ಉದಯಕಾಲದಲ್ಲಿ ನೋಡುವವನಿಗೂ ಚಂದ್ರನಿಗೂ ಇರುವ ದೂರವು ಭೂವ್ಯಾಸಾರ್ಧದಷ್ಟು ಹೆಚ್ಚಾಗಿರುವುದರಿಂದ ಬಿಂಬವು ಕೂದಲೆಳೆಯಷ್ಟು ಚಿಕ್ಕದೇ.

ಕಣ್ಣಿಗೆ ನಿಜವಾಗಿ ಅಪೂರ್ವವಾಗಿಯೂ ವೃತ್ತಪತ್ರಿಕೆಗಳ ಲಕ್ಷ್ಯಕ್ಕೆ ಅಷ್ಟಾಗಿ ಬಾರದೆಯೂ ಇರುವ ಪೂರ್ಣಿಮೆಯೊಂದುಂಟು. ಚಂದ್ರಮಾರ್ಗವು ಕ್ರಾಂತಿವೃತ್ತಕ್ಕೆ ಓರೆಯಾಗಿರುವುದು. ಸೂರ್ಯಸಿದ್ಧಾಂತವು ಸೂರ್ಯನ ಪರಮಕ್ರಾಂತಿಯನ್ನು 24 ಅಂಶವೆಂದೂ ಚಂದ್ರನ ಪರಮವಿಕ್ಷೇಪವನ್ನು 270 ಕಲೆ, ಎಂದರೆ ನಾಲ್ಕೂವರೆ ಅಂಶವೆಂದೂ ಹೇಳುವುದು. ಈಗಿನ ವೇಧದಿಂದ ಸಿದ್ಧವಾದುವು 23 ಅಂಶ 26 ಕಲೆ, ಮತ್ತು 5 ಅಂಶ 9 ಕಲೆ. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲಿಯೂ ಭೇದವಿದ್ದರೂ ಕೂಡಿಸಿದರೆ ಹಳೆಯ ಗಣಿತಕ್ಕೆ 28 ಅಂಶ 30 ಕಲೆ, ಹೊಸದಕ್ಕೆ 28 ಅಂಶ 35 ಕಲೆ! ಈ ಹೊಂದಿಕೆಯು ಆಕಸ್ಮಿಕವೇ ಆಗಿರಲಿ, ಸ್ವಾರಸ್ಯವಾದುದು. ರಾಹುವು, ಎಂದರೆ ಆರೋಹಪಾತವು, ಸಾಯನ ಮೇಷಾದಿಯ ಹತ್ತಿರ ಬಂದಾಗ ಎರಡು ಓರೆಗಳೂ ಕೂಡಿಕೊಳ್ಳುವುವು. ಸಾಯನ ತುಲಾದಿಗೆ ಹೋದಾಗ ಒಂದರಿಂದೊಂದು ಕಳೆಯುವುವು. ಪಾತವು ಒಂದು ಸುತ್ತು ತಿರುಗುವುದಕ್ಕೆ ಸುಮಾರು ಹದಿನೆಂಟು ವರ್ಷ ಏಳು ತಿಂಗಳು ಹಿಡಿಯುವುದು.

ಮೂಡಿಗೆರೆಯ ಅಕ್ಷಾಂಶವು 13 ಅಂಶ 8 ಕಲೆ. ಆದುದರಿಂದ ಓರೆಗಳು ಕೂಡಿದ ವರ್ಷಗಳಲ್ಲಿ ಮಾರ್ಗಶಿರ ಪುಷ್ಯಗಳ ಪೂರ್ಣಚಂದ್ರನು ಇಲ್ಲಿಯ ಖಮಧ್ಯದಿಂದ ಹದಿನೈದು ಅಂಶಕ್ಕಿಂತಲೂ ಹೆಚ್ಚು ಉತ್ತರಕ್ಕೆ ಸರಿದು ದಾಟುವನು. ಓರೆಗಳು ಕಳೆದ ವರ್ಷಗಳಲ್ಲಿ ಐದು ಅಂಶ ಮಾತ್ರ. ಇದನ್ನು ತಿಳಿಯಲು ದೂರದರ್ಶಕ ಯಂತ್ರವು ಬೇಡ. ಸಮನಾದ ಕಣದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನಿಲ್ಲಿಸಿ, ಡಿಸೆಂಬರ್ ಪೂರ್ಣಿಮೆಯಂದು ರಾತ್ರಿ ಸುಮಾರು ಹನ್ನೆರಡೂವರೆಗೆ, ಬೆಳ್ದಿಂಗಳಲ್ಲಿ ಬೀಳುವ ನೆರಳು ಅತ್ಯಂತ ಕಿರಿದಾದಾಗ ಅಳೆಯಬೇಕು. ನೆರಳು ದಕ್ಷಿಣಕ್ಕೆ ಚಾಚಿರುವುದು. ಕೂಡಿದ ವರ್ಷದಲ್ಲಿ ಅದರ ಉದ್ದವು ಸುಮಾರು ಮೂರು ಅಂಗುಲ ಮತ್ತು ಮೂರನೆಯ ಒಂದು. ಕಳೆದ ವರ್ಷದಲ್ಲಿ ಒಂದು ಅಂಗುಲಕ್ಕೆ ಸ್ವಲ್ಪ ಹೆಚ್ಚು. ಕಾಫಿಯ ಕಣವು ಮಟ್ಟವಾಗಿಯೂ ಬಯಲಾಗಿಯೂ ಇರುವುದರಿಂದ ಇದಕ್ಕೆ ಒಪ್ಪುವ ಸ್ಥಳ. ಹಣ್ಣು ಕೊಯ್ದು ಒಣಗಿಸುವ ಕಾಲವೂ ಅದೇ ಆದುದರಿಂದ ಒಂದು ಮೂಲೆಯನ್ನು ತೆರವು ಮಾಡಿಸಿಕೊಳ್ಳಬೇಕಾಗುವುದು ಅಷ್ಟೆ. 2024 ಮತ್ತು 2025ರಲ್ಲಿ ಪರಮಾವಧಿಯು ಬಂದುಹೋಯಿತು. ಕನಿಷ್ಠಾವಧಿಯು 2034ರ ಸುಮಾರಿಗೆ. ಮತ್ತೆ ಪರಮಾವಧಿಯು 2043ರ ಸುಮಾರಿಗೆ. ಈ ನೆರಳನ್ನು ವರ್ಷಕ್ಕೊಮ್ಮೆ ಗುರುತುಹಾಕಿ ಬರುವ ಶಾಲೆಯೊಂದು ಈ ಸೀಮೆಯಲ್ಲಿದ್ದರೆ, ಪಾತಗತಿಯೆಂಬುದು ಬರಿಯ ಪುಸ್ತಕದ ಮಾತಾಗಿ ಉಳಿಯುತ್ತಿರಲಿಲ್ಲ.

ಸ್ಥಳದ ವಿಚಾರಕ್ಕೆ ಬಂದರೆ, ಎತ್ತರವೊಂದನ್ನೇ ನೋಡುವುದು ಸಾಲದು. ಯಾವ ದಿಕ್ಕು ತೆರೆದಿದೆಯೆಂಬುದೇ ಮುಖ್ಯ. ಉದಯವನ್ನು ನೋಡುವವರಿಗೆ ಪೂರ್ವದ ಬಯಲುಸೀಮೆಯನ್ನು ನೋಡುತ್ತಿರುವ ಬೆಟ್ಟ ಬೇಕು. ಮುಳ್ಳಯ್ಯನಗಿರಿಯು (1930 ಮೀಟರು) ಕರ್ಣಾಟಕದ ಅತ್ಯುನ್ನತ ಶಿಖರವಾಗಿದ್ದು ಈ ಗುಣವನ್ನು ಪಡೆದಿರುವುದು. ಕೆಳಗಿನ ಬಯಲಿಗಿಂತ ಸಾವಿರ ಮೀಟರಿನಷ್ಟು ಎತ್ತರದಲ್ಲಿ ನಿಂತವನಿಗೆ ಕ್ಷಿತಿಜವು ಸುಮಾರು ಒಂದು ಅಂಶ ತಗ್ಗುವುದರಿಂದ, ಬಯಲಿನವರಿಗಿಂತ ನಾಲ್ಕು ನಿಮಿಷ ಮುಂಚೆಯೇ ಚಂದ್ರನು ಕಾಣುವನು. ಅಲ್ಲಿ ಅಸ್ತಮಯವಾದೊಡನೆ ಪಶ್ಚಿಮವನ್ನು ಬಿಟ್ಟು ಪೂರ್ವವನ್ನು ನೋಡಬೇಕು: ಕ್ಷಿತಿಜದ ಮೇಲೆ ಬೂದುಮಿಶ್ರಿತ ನೀಲಿಯ ಒಂದು ಪಟ್ಟಿ, ಅದರ ಮೇಲೆ ನಸುಗೆಂಪು. ಆ ನೀಲಿಯ ಪಟ್ಟಿಯೇ ಭೂಚ್ಛಾಯೆ, ಭೂಮಿಯು ತನ್ನ ವಾತಾವರಣದ ಮೇಲೆ ಚೆಲ್ಲಿದ ನೆರಳು. ಆರ್ಯಭಟನು ಚಂದ್ರಗ್ರಹಣಕ್ಕೆ ಕಾರಣವೆಂದು ಹೇಳಿದ ಛಾಯೆಯು ಇದೇ. ಅದು ನಿರಭ್ರವಾದ ಪ್ರತಿ ಸಂಜೆಯೂ ಮೇಲೇಳುತ್ತಿದ್ದರೂ ನೋಡುವವರು ಕಡಮೆ.

ಚಾರ್ಮಾಡಿ ಘಾಟಿಯ ಅಂಚು, ದೇವರಮನೆ, ಬಲ್ಲಾಳರಾಯನದುರ್ಗ ಇವು ಪಶ್ಚಿಮಕ್ಕೆ ತೆರೆದ ಸ್ಥಳಗಳು. ಇಲ್ಲಿ ಚಂದ್ರೋದಯಕ್ಕಿಂತ ಚಂದ್ರಾಸ್ತಮಯವು ಮೇಲು. ಪೂರ್ಣಿಮೆಯ ರಾತ್ರಿ ಕಳೆದು ಬೆಳಗಾಗುವಾಗ, ಕರಾವಳಿಯ ಮೇಲೆ ಹಾಸಿದ ಮಂಜಿನ ಕಡೆಗೆ ಚಂದ್ರನು ಇಳಿಯುವುದು ಇಲ್ಲಿಂದ ಕಾಣುವುದು. ಕಳಸವಾದರೋ ಭದ್ರೆಯ ಕಣಿವೆಯ ಊರು. ಸುತ್ತಲಿನ ಬೆಟ್ಟವು ಕ್ಷಿತಿಜಕ್ಕಿಂತ ಹತ್ತು ಅಂಶ ಎದ್ದಿದ್ದರೆ ಚಂದ್ರದರ್ಶನಕ್ಕೆ ನಲವತ್ತು ನಿಮಿಷ ತಡವಾಗುವುದು. ಆದರೆ ಕಣಿವೆಗೂ ಒಂದು ಸೊಗಸುಂಟು: ಬೆಳ್ದಿಂಗಳು ಮೊದಲು ಪಶ್ಚಿಮದ ಬೆಟ್ಟದ ನೆತ್ತಿಗೆ ತಗುಲಿ, ಮೆಲ್ಲಮೆಲ್ಲನೆ ಇಳಿಜಾರಿನಲ್ಲಿ ಇಳಿದು, ಕಡೆಗೆ ಹೊಳೆಯನ್ನು ಮುಟ್ಟುವುದು. ಕಾಡಿನ ಅಂಚಿನ ಸ್ಥಳಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ, ಅರಣ್ಯ ಇಲಾಖೆಯವರನ್ನೂ ಊರವರನ್ನೂ ಕೇಳದೆ ಇರುಳಿನಲ್ಲಿ ಹೋಗುವುದು ಯುಕ್ತವಲ್ಲ. ಉದಯವನ್ನು ನೋಡಿ ಸಂಜೆಬೆಳಕಿನಲ್ಲಿಯೇ ಇಳಿಯುವುದು ಲೇಸು.

ಮೂಡಿಗೆರೆ ತಾಲ್ಲೂಕಿನ ಅಂಗಡಿಯನ್ನು ವಿದ್ವಾಂಸರು ಬೇರೊಂದು ಕಾರಣಕ್ಕಾಗಿ ನೆನೆಯಬೇಕು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇದೇ. ಇದನ್ನು ಸಂಸ್ಕೃತೀಕರಿಸಿದವರು ಶಶಕಪುರವೆಂದರು. ಯಾದವರೆಂದು ಹೇಳಿಕೊಂಡುದರಿಂದ ಚಂದ್ರವಂಶಕ್ಕೆ ಸೇರಿದ ಅರಸರ ಊರು ಮೊಲದ ಹೆಸರನ್ನು ಪಡೆದಿರುವುದೂ, ಚಂದ್ರನು ಶಶಾಂಕನಾಗಿರುವುದೂ ಕಾಕತಾಳೀಯವೆಂದೇ ಇಟ್ಟುಕೊಳ್ಳಬಹುದು. ಚಂದ್ರನ ಮೊಲವನ್ನು ನೋಡಲು ಮಾತ್ರ ಒಂದು ಸೂಚನೆ: ಈ ಅಕ್ಷಾಂಶದಲ್ಲಿ ಚಂದ್ರನು ನೆತ್ತಿಯ ಸಮೀಪದಲ್ಲಿ ಹಾದುಹೋಗುವುದರಿಂದ, ಉದಯದಲ್ಲಿ ಕಂಡ ಮೊಲವು ಅಸ್ತಮಯದ ವೇಳೆಗೆ ಬಹುಮಟ್ಟಿಗೆ ತಲೆಕೆಳಗಾಗಿರುವುದು.

ಯಾವ ಪಂಚಾಂಗವೂ ಹೇಳಲಾರದ ಪೂರ್ಣಿಮೆಯೊಂದು ಈ ಸೀಮೆಗೆ ವಿಶೇಷವಾದುದು. ಫಾಲ್ಗುಣ ಚೈತ್ರಗಳಲ್ಲಿ ಬೀಳುವ ಮೊದಲ ಮಳೆಯನ್ನು ತೋಟದವರು ಹೂಮಳೆಯೆನ್ನುವರು. ಅದು ಬಿದ್ದ ಎಂಟು ಹತ್ತು ದಿನಗಳಿಗೆ ಕಾಫಿಯ ಗಿಡಗಳೆಲ್ಲ ಒಂದೇ ಬಾರಿಗೆ ಬೆಳ್ಳಗೆ ಅರಳಿ, ಮೂರು ನಾಲ್ಕು ದಿನಗಳಲ್ಲಿ ಕಂದಿಹೋಗುವುವು. ಆದುದರಿಂದ ಮಳೆಯು ಶುಕ್ಲಪಕ್ಷದ ಪಂಚಮಿ ಷಷ್ಠಿಗಳ ಸುಮಾರಿಗೆ ಬಿದ್ದರೆ ಮಾತ್ರ ಹೂವೂ ಹುಣ್ಣಿಮೆಯೂ ಕೂಡುವುವು. ಎರಡು ದಿನ ಮುಂಚೆಯೋ ಎರಡು ದಿನ ತಡವಾಗಿಯೋ ಬಿದ್ದರೆ ಕೂಟವು ತಪ್ಪುವುದು. ಮಳೆ ಬಿದ್ದ ತಿಥಿಯನ್ನು ಬರೆದಿಟ್ಟುಕೊಳ್ಳುವವನಿಗೆ ವಾರ ಮೊದಲೇ ಇದು ತಿಳಿದುಹೋಗುವುದು.

ಕಡೆಯದು ಗ್ರಹಣ. ಹೊಯ್ಸಳರ ಕಾಲದ ಎಷ್ಟೋ ದತ್ತಿಗಳು ಸೋಮಗ್ರಹಣದಂದು ಕೊಟ್ಟುವು. ಮೂಡಿಗೆರೆ ತಾಲ್ಲೂಕಿನ ಶಾಸನಗಳು ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿವೆ. ಸೆವೆಲ್ ಅವರು ಭಾರತದ ಚಂದ್ರಗ್ರಹಣಗಳ ಕೋಷ್ಟಕವನ್ನು 1898ರಲ್ಲಿಯೂ, ಸ್ವಾಮಿಕಣ್ಣು ಪಿಳ್ಳೆಯವರು ತಮ್ಮ ಎಫಿಮೆರಿಸನ್ನು 1922ರಲ್ಲಿಯೂ ಹೊರತಂದ ಮೇಲೆ ಇಂಥ ತಿಥಿಗಳನ್ನು ಪರೀಕ್ಷಿಸುವುದು ಸುಲಭವಾಯಿತು. ಆದರೆ ಕೋಷ್ಟಕದಲ್ಲಿ ಗ್ರಹಣವಿದೆಯೆಂದ ಮಾತ್ರಕ್ಕೆ ದಾನಿಯು ಅದನ್ನು ಕಂಡನೆಂದಾಗುವುದಿಲ್ಲ. ಅದು ಹಗಲಿನಲ್ಲಿ ಬಿದ್ದಿತೋ, ಗ್ರಸ್ತೋದಯವೋ, ಮಳೆಗಾಲದ್ದೋ ಎಂಬುದನ್ನು ವಿಚಾರಿಸದೆ ಕಾಲವನ್ನು ನಿಷ್ಕರ್ಷಿಸುವುದು ಆತುರವಾಗುವುದು.

ಗ್ರಸ್ತೋದಯವೆಂದರೆ ಚಂದ್ರನು ಗ್ರಹಣ ಹಿಡಿದೇ ಮೂಡುವುದು. 2018ರ ಜನವರಿ 31ರ ಮಾಘಪೂರ್ಣಿಮೆಯಂದು ಸಂಪೂರ್ಣಗ್ರಾಸವು ಸಂಜೆ 6-21ಕ್ಕೆ ಆರಂಭವಾಗಿ 7-37ರವರೆಗೆ ಇದ್ದಿತು. ಮೂಡಿಗೆರೆಯ ಚಂದ್ರೋದಯವೂ ಸುಮಾರಾಗಿ ಆ ಆರಂಭದ ಹೊತ್ತಿಗೇ. ಇಂಥ ಸಂದರ್ಭದಲ್ಲಿ ಮಸುಕಾದ ತಾಮ್ರವರ್ಣದ ಬಿಂಬವು ಸಂಜೆಬೆಳಕಿನಲ್ಲಿ ಕಾಣದೆ, ಕತ್ತಲಾಗುತ್ತ ಬಂದಂತೆ ಆಕಾಶದ ನಡುವೆ ತಾನಾಗಿ ಹೊರಬಿದ್ದಂತೆ ತೋರುವುದು. ಉದಯವೇ ಆಗಲಿಲ್ಲವೆಂದು ಅವಸರಪಟ್ಟು ಹಿಂದಿರುಗಬಾರದು. 2025ರ ಸೆಪ್ಟೆಂಬರ್ 7ರ ಗ್ರಹಣವು ರಾತ್ರಿಯ ಸರಿಯಾದ ಹೊತ್ತಿಗೆ, 11-01ರಿಂದ 12-23ರವರೆಗೆ ಸಂಪೂರ್ಣವಾಗಿದ್ದರೂ ಭಾದ್ರಪದದ್ದಾದುದರಿಂದ ಮಲೆನಾಡಿನ ಪಾಲಿಗೆ ಮೋಡದ ಕಾಲದ್ದು. 2026ರ ಮಾರ್ಚ್ 3ರದೂ ಗ್ರಸ್ತೋದಯವೇ. ಆದರೆ ಮೋಕ್ಷವು 6-47ಕ್ಕಾದುದರಿಂದ ಇಲ್ಲಿಗೆ ಸಲ್ಲುವುದು ಅದರ ಕೊನೆಯ ಕೆಲವು ನಿಮಿಷಗಳು ಮಾತ್ರ.

ಇವೆಲ್ಲಕ್ಕಿಂತ ಮಲೆನಾಡಿಗೆ ಅನುಕೂಲವಾದುದು 2028ರ ಡಿಸೆಂಬರ್ 31ರ ಪುಷ್ಯಪೂರ್ಣಿಮೆ, ಬನದ ಹುಣ್ಣಿಮೆ. ಆ ಡಿಸೆಂಬರಿನಲ್ಲಿ ಅದು ಎರಡನೆಯ ಪೂರ್ಣಿಮೆಯೂ ಆಗಿರುವುದು. ಸ್ಪರ್ಶವು ರಾತ್ರಿ 8-37, ನಿಮೀಲನ 9-46, ಮಧ್ಯ 10-22, ಉನ್ಮೀಲನ 10-58, ಮೋಕ್ಷ 12-06. ಚಂದ್ರನು ಆ ಹೊತ್ತಿಗೆ ಬೆಟ್ಟಗಳನ್ನು ಮೀರಿ ಬಹು ಎತ್ತರದಲ್ಲಿರುವುದರಿಂದ ಶಿಖರವನ್ನು ಹತ್ತಬೇಕಾದುದಿಲ್ಲ. ಕಳಸದ ಕಣಿವೆಯವರಿಗೂ ಮೂಡಿಗೆರೆಯ ತೋಟದವರಿಗೂ ತಮ್ಮ ಕಣದಲ್ಲಿ ನಿಂತರೆ ಸಾಕು. ದೀಪಗಳನ್ನು ಆರಿಸಿ, ನಿಮೀಲನಕ್ಕೆ ಅರ್ಧಗಂಟೆ ಮುಂಚಿನಿಂದಲೇ ಕಣ್ಣನ್ನು ಕತ್ತಲೆಗೆ ಒಗ್ಗಿಸಿಕೊಂಡಿರಬೇಕು. ಬೆಳ್ದಿಂಗಳು ಹಿಂಗಿದಂತೆ, ಪೂರ್ಣಿಮೆಯ ರಾತ್ರಿಗಳಲ್ಲಿ ಎಂದೂ ಕಾಣದ ಚಿಕ್ಕ ನಕ್ಷತ್ರಗಳು ಚಂದ್ರನ ಸುತ್ತಲೇ ಒಂದೊಂದಾಗಿ ಹೊರಬರುವುವು.